ಮೂರನೇ ಲೋಟ ಎತ್ತಿದ ಮಧ್ಯಾಹ್ನ

ಮೂರನೇ ಲೋಟವನ್ನು ಮದುಮಗಳ ತಾಯಿಯ ಹೆಸರಿನಲ್ಲಿ ಎತ್ತಬೇಕೆಂಬ ಆಲೋಚನೆ ನನ್ನದೋ ಆ ಮದುಮಗಳದೋ, ಈಗ ಖಚಿತವಾಗಿ ಹೇಳಲಾರೆ. ಮೊದಲ ಆರು ತಿಂಗಳು ನನ್ನದೆಂದೇ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ, ಅವಳು ಕನ್ನಡಿಯ ಮುಂದೆ ನಿಂತು ಅದೇ ಮಾತನ್ನು ಹೇಳುತ್ತಿರುವ ಚಿತ್ರ ಕಣ್ಣಿಗೆ ಬಂತು. ಅದು ನೆನಪೋ, ನಾನು ಕಟ್ಟಿಕೊಂಡದ್ದೋ ತಿಳಿಯಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಆಧಾರವಿಲ್ಲದ ಮಾತನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಹೇಳಿಸಿಕೊಂಡವನು. ಆದರೆ ನನ್ನದೇ ವಿಷಯದಲ್ಲಿ ನಾನು ಒಳ್ಳೆಯ ಸಾಕ್ಷಿಯಲ್ಲ. ಆದ್ದರಿಂದ ಗೊತ್ತಿರುವುದನ್ನು ಗೊತ್ತಿದೆ ಎಂದೂ, ಉಳಿದದ್ದನ್ನು ‘ಇರಬೇಕು’ ಎಂದೂ ಬರೆಯುತ್ತೇನೆ.

ಮದುವೆಗಳಲ್ಲಿ ಮೈಕು ಹಿಡಿದು ನಿರೂಪಣೆ ಮಾಡುವುದು ನನ್ನ ಕೆಲಸ. ಇರುವುದು ಶಿರಾದಲ್ಲಿ. ಈ ಮದುವೆಯ ಗಂಡು ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆಯವನು, ಸೇನೆಯಲ್ಲಿ ಕ್ಯಾಪ್ಟನ್. ಹೆಣ್ಣು ಪಾವಗಡದ ನಿಡುಗಲ್ಲಿನವಳು, ಸೇನೆಯದೇ ಆಸ್ಪತ್ರೆಯಲ್ಲಿ ನರ್ಸಿಂಗ್ ಅಧಿಕಾರಿ. ಎರಡೂ ಊರಿಗೆ ನಡುವೆ ಆಗಲೆಂದು ಮಧುಗಿರಿಯಲ್ಲಿ ಛತ್ರ ಗೊತ್ತು ಮಾಡಿದ್ದರು. ಬೆಳಿಗ್ಗೆ ಮುಹೂರ್ತ, ಮಧ್ಯಾಹ್ನವೇ ಆರತಕ್ಷತೆ. ಗಂಡಿನ ಮೇಲಧಿಕಾರಿಯಾದ ಕರ್ನಲ್ ಮತ್ತು ಹತ್ತು ಹನ್ನೆರಡು ಅಧಿಕಾರಿಗಳು ಸಂಜೆಯೊಳಗೆ ಬೆಂಗಳೂರಿಗೆ ವಾಪಸಾಗಬೇಕಿತ್ತು.

ನಾನು ಒಪ್ಪಿಕೊಂಡ ಮಾರನೇ ದಿನ ಕರ್ನಲ್ ಅವರಿಂದ ವಾಟ್ಸಾಪಿನಲ್ಲಿ ಒಂದು ಹಾಳೆ ಬಂತು. ಆರತಕ್ಷತೆಯಲ್ಲಿ ಮೂರು ಟೋಸ್ಟ್, ಅಂದರೆ ಒಬ್ಬರ ಗೌರವಕ್ಕೆಂದು ಎಲ್ಲರೂ ಲೋಟ ಎತ್ತಿ ಕುಡಿಯುವುದು, ಆಗಬೇಕು, ಇದು ನಮ್ಮ ರೆಜಿಮೆಂಟಿನ ಪದ್ಧತಿ ಎಂದು ಮೇಲೆ ಬರೆದಿತ್ತು. ಮೊದಲನೆಯದು ರಾಷ್ಟ್ರಪತಿಗಳಿಗೆ. ಎಲ್ಲರ ಲೋಟ ಮೊದಲೇ ತುಂಬಿರಬೇಕು, ಯಾರೂ ಕುಡಿದಿರಬಾರದು. ಎಲ್ಲರೂ ನಿಲ್ಲಬೇಕು. ಹಿರಿಯರೊಬ್ಬರು ‘ರಾಷ್ಟ್ರಪತಿ’ ಎಂಬ ಒಂದೇ ಪದ ಹೇಳುತ್ತಾರೆ, ಉಳಿದವರು ಅದನ್ನೇ ಹೇಳಿ ಒಂದು ಗುಟುಕು ಕುಡಿಯಬೇಕು. ಲೋಟಕ್ಕೆ ಲೋಟ ತಾಕಿಸಬಾರದು. ಎರಡನೆಯದು ವಧೂವರರಿಗೆ. ಯಾರ ಹೆಸರಿನಲ್ಲಿ ಲೋಟ ಎತ್ತುತ್ತಾರೋ ಅವರು ಕೂತಿರಬೇಕು, ಉಳಿದವರೆಲ್ಲ ನಿಂತಿರಬೇಕು. ಅವರು ತಮ್ಮ ಲೋಟ ಮುಟ್ಟುವಂತಿಲ್ಲ. ತಮಗೆ ಸಲ್ಲುವ ಗೌರವವನ್ನು ತಾವೇ ಕುಡಿಯಬಾರದಂತೆ. ಮೂರನೆಯದು ಸೇವೆಯಲ್ಲಿದ್ದು ಈಗ ಇಲ್ಲದವರಿಗೆ. ಅದು ನೀರಿನಲ್ಲಿ, ಮೌನವಾಗಿ.

ಓದಿ ನಕ್ಕೆ. ಬ್ರಿಟಿಷರ ಊಟದ ಮೇಜಿನಿಂದ ಇಳಿದು ಬಂದ ಶಾಸ್ತ್ರ. ರಾಜನಿದ್ದ ಜಾಗದಲ್ಲಿ ರಾಷ್ಟ್ರಪತಿ ಬಂದಿದ್ದಾರೆ, ಅಷ್ಟೇ ಅನ್ನಿಸಿತು. ನಾಲ್ಕು ನೂರು ಜನರ ಹಳ್ಳಿ ಮದುವೆಯಲ್ಲಿ ಇದನ್ನು ನಡೆಸುವುದು ಆಗದ ಮಾತು. ಕರ್ನಲ್‌ಗೆ ಫೋನು ಮಾಡಿ, ಒಂದನ್ನಾದರೂ ಕಡಿಮೆ ಮಾಡೋಣವೇ ಎಂದೆ. ಅವರು ಹಿಂದಿಯಲ್ಲಿ, ತಾಳ್ಮೆಯಿಂದ ಕೇಳಿದರು. “ಯಾವುದನ್ನು ಬಿಡೋಣ ಹೇಳಿ. ರಾಷ್ಟ್ರಪತಿಯನ್ನೋ, ಮದುಮಕ್ಕಳನ್ನೋ, ಹುಡುಗಿಯ ತಂದೆಯನ್ನೋ?”

ಹುಡುಗಿಯ ತಂದೆ ಸೇನೆಯಲ್ಲಿ ಹವಾಲ್ದಾರರಾಗಿದ್ದರು. ಅವಳಿಗೆ ನಾಲ್ಕು ವರ್ಷವಿದ್ದಾಗ ಗಡಿಯ ರಸ್ತೆಯೊಂದರಲ್ಲಿ ಲಾರಿ ಉರುಳಿ ತೀರಿಕೊಂಡರು. ಮೂರನೇ ಲೋಟ ಅವರಿಗೆ. ಕಡಿಮೆ ಮಾಡುವ ಮಾತು ಬಿಟ್ಟೆ.

ಛತ್ರ ದೇವಸ್ಥಾನದ್ದು. ಮದ್ಯದ ಮಾತೇ ಇರಲಿಲ್ಲ. ದ್ರಾಕ್ಷಿ ರಸ ಎಂದು ತೀರ್ಮಾನಿಸಿ ಶಿರಾದ ಶಾಮಿಯಾನದ ಭಾಯಿಯ ಅಂಗಡಿಗೆ ಹೋದೆ. ಕುರ್ಚಿ, ಪಾತ್ರೆ, ಲೋಟ ಎಲ್ಲ ಅವರದೇ. ಕಾಲಿರುವ ಗಾಜಿನ ಗ್ಲಾಸು ಅರವತ್ತಿತ್ತು, ಉಳಿದವರಿಗೆ ಪೇಪರ್ ಕಪ್ಪು. ನಿಯಮ ವಿವರಿಸಿದಾಗ ಭಾಯಿ ಗ್ಲಾಸು ಒರೆಸುವುದನ್ನು ನಿಲ್ಲಿಸಿದರು.

“ಅರೇ ಸಾರ್, ನಮ್ ಜನದ ಕೈಗೆ ಗ್ಲಾಸ್ ಕೊಟ್ಟು ಕುಡೀಬ್ಯಾಡಿ ಅಂದ್ರೆ ಹೆಂಗೆ? ಕುಡೀತಾರೆ. ಕುಡ್ದು ಇನ್ನೊಂದ್ ಕೊಡಿ ಅಂತಾರೆ. ನೀವು ಓದಿದೋರು, ನಿಮಗೆ ಇದೆಲ್ಲ ಗೊತ್ತಾಗಲ್ಲ.”

ಗೊತ್ತಾಗಲಿ ಎಂದೇ ಕೊಳಾಲದಲ್ಲಿ ಗಂಡಿನ ಮನೆಯ ದೇವರೂಟದ ದಿನ ಅರವತ್ತು ಜನರ ಮೇಲೆ ಒಂದು ಪ್ರಯೋಗ ಮಾಡಿದೆ. ಕಪ್ಪು ಹಂಚಿಸಿ, ನಾನು ಹೇಳುವವರೆಗೂ ಹಿಡಿದುಕೊಂಡಿರಿ ಎಂದೆ. ನನ್ನ ಎರಡನೇ ವಾಕ್ಯ ಮುಗಿಯುವಷ್ಟರಲ್ಲಿ ಅರ್ಧ ಕಪ್ಪು ಖಾಲಿ. ಮುಂದೆ ಕೂತಿದ್ದ ಅಜ್ಜಿ, “ಕೊಟ್ಬುಟ್ಟು ಕುಡೀಬ್ಯಾಡಿ ಅಂತೀಯಲ್ಲಪ್ಪ, ನಾವೇನ್ ಅದುನ್ನ ಕಾವ್ಲು ಕಾಯಕ್ಕೆ ಬಂದಿದ್ದೀವಾ?” ಎಂದರು. ಉಳಿಸಿಕೊಂಡಿದ್ದವರು ತುಟಿಗೆ ತಾಗಿಸದೆ, ತಲೆ ಮೇಲೆತ್ತಿ ಎತ್ತರದಿಂದ ಸುರಿದುಕೊಂಡರು. ಗದ್ದದಿಂದ ಇಳಿದ ದ್ರಾಕ್ಷಿ ರಸ ಮೂರು ರೇಷ್ಮೆ ಸೀರೆಗಳ ಮೇಲೆ ಹರಿಯಿತು.

ಅಲ್ಲಿ ಕಲಿತದ್ದು ಇಷ್ಟು. ಬಣ್ಣದ ರಸ ಬೇಡ, ನಿಂಬೆ ಪಾನಕ ಸಾಕು. ಕಪ್ಪಿನಲ್ಲಿ ಕಾಲು ಭಾಗ ಮಾತ್ರ. ತಟ್ಟೆಗಳು ಪ್ರತಿ ಸಾಲಿನ ತುದಿಯಲ್ಲಿ ಮುಚ್ಚಿಕೊಂಡಿರಬೇಕು. ಜನ ಎದ್ದು ನಿಂತ ಮೇಲೆಯೇ ಕಪ್ಪು ಕೈಗೆ ಹೋಗಬೇಕು. ಕರ್ನಲ್ ಒಪ್ಪಿದರು. ಹಾಳೆಯಲ್ಲಿ ಬಣ್ಣದ ಬಗ್ಗೆ ಏನೂ ಇರಲಿಲ್ಲ.

ನಿಜವಾದ ತೊಡಕು ಮದುವೆಗೆ ಮೂರು ದಿನ ಮೊದಲು, ನಿಡುಗಲ್ಲಿನಲ್ಲಿ ಎದುರಾಯಿತು. ಹುಡುಗಿಯ ದೊಡ್ಡಪ್ಪ, ಅಂದರೆ ತೀರಿಕೊಂಡವರ ಅಣ್ಣ, ಮನೆಗೆ ಯಜಮಾನರು. ಧಾರೆ ಎರೆಯುವವರೂ ಅವರೇ. ಜಗಲಿಯ ಮೇಲೆ ಕೂತು ನನ್ನ ಮಾತನ್ನೆಲ್ಲ ಕೇಳಿದರು.

“ಮೊದಲ್ನೇದು ಸರಿ, ಎರಡ್ನೇದೂ ಸರಿ. ಮೂರ್ನೇದು ಏನಂದ್ರಿ?”

“ನೀರು ಹಿಡಿದು, ನಿಮ್ಮ ತಮ್ಮನವರನ್ನು ನೆನೆಯೋದು.”

“ಮದ್ವೆ ಚಪ್ಪರದಾಗೆ ನೀರು ಎತ್ತಿ ಸತ್ತೋರ ಹೆಸ್ರು ಹೇಳ್ತೀರಾ? ಅದು ತರ್ಪಣ ಕಣಯ್ಯಾ! ಮೊನ್ನೆನೇ ನಮ್ ಹುಡುಗಂಗೆ ಎಡೆ ಇಕ್ಕಿದ್ದೀವಿ. ಹೊಸಾ ಪಂಚೆ ಇಕ್ಕಿ, ಅವ್ನಿಗೆ ಬೇಕಾದ್ದೆಲ್ಲ ಅಡುಗೆ ಮಾಡಿ ಬಡ್ಸಿ, ನಿನ್ ಮಗಳ ಮದ್ವೆ ಕಣ್ಲಾ, ಹರಸಿ ಹೋಗು ಅಂತ ಕಳಿಸ್ಕೊಟ್ಟಿದ್ದೀವಿ. ಕಳ್ಸಿದ್ ಮ್ಯಾಲೆ ವಾಪಸ್ ಕರೀಬಾರ್ದು.”

ಕರ್ನಲ್ ಅವರ ಹಾಳೆಯಷ್ಟೇ ಬಿಗಿಯಾದ ಇನ್ನೊಂದು ಹಾಳೆ ಈ ಮನುಷ್ಯನ ತಲೆಯಲ್ಲಿತ್ತು. ನಾನು ಎರಡನ್ನೂ ನಂಬದವನು. ಎರಡನ್ನೂ ನಡೆಸಿಕೊಡಲು ಮುಂಗಡ ತೆಗೆದುಕೊಂಡವನು.

ಹುಡುಗಿಯ ತಾಯಿ ಬಾಗಿಲ ಒಳಗೆ, ಚೌಕಟ್ಟಿಗೆ ಒರಗಿ ನಿಂತಿದ್ದರು. ಬನ್ನಿ, ಕೂತು ನೀವೂ ಹೇಳಿ ಎಂದು ಪಕ್ಕದ ಪ್ಲಾಸ್ಟಿಕ್ ಕುರ್ಚಿ ತೋರಿಸಿದೆ. “ಬಾವನ ಮುಂದೆ ಕುರ್ಚಿ ಮ್ಯಾಲೆ ಕೂರಾದಾ? ಇಲ್ಲೇ ಇದ್ದೀನಿ ಬುಡಪ್ಪ. ಬಾವ ಹೇಳ್ದಂಗೇ ಆಗ್ಲಿ,” ಎಂದರು. ಆ ಮಾತು ನನಗೆ ಕೇಳಿಸಿತ್ತು, ಅದು ಖಚಿತ. ಅದರ ಅರ್ಥ ಮನಸ್ಸಿಗೆ ಇಳಿದಿರಲಿಲ್ಲ, ಅದೂ ಖಚಿತ.

ಆರತಕ್ಷತೆಯಲ್ಲಿ ತಾಯಿ ಎಲ್ಲಿರುತ್ತಾರೆ ಎಂದು ಕೇಳಿದೆ. ದೊಡ್ಡಪ್ಪ ಅದನ್ನೊಂದು ಪ್ರಶ್ನೆಯೆಂದೇ ಭಾವಿಸಲಿಲ್ಲ. “ಉಗ್ರಾಣ ನೋಡ್ಕತಾಳೆ. ಗಂಡ ಇಲ್ದೋಳು ಮುಂದಕ್ಕೆ ಬರಬಾರ್ದು. ಅವ್ಳಿಗೇ ಗೊತ್ತೈತೆ.”

ವಾಪಸ್ ಬರುವಾಗ ದಾರಿಯಲ್ಲಿ ಬೈಕು ನಿಲ್ಲಿಸಿ ಕರ್ನಲ್‌ಗೆ ಫೋನು ಮಾಡಿದೆ. ಮೂರನೆಯದು ಬೇಡವೆನ್ನುತ್ತಿದ್ದಾರೆ ಎಂದೆ. “ಹವಾಲ್ದಾರರ ಮಗಳಿಗೆ ನಾನು ಮಾತು ಕೊಟ್ಟಿದ್ದೇನೆ. ಬಿಡುವುದಾದರೆ ಅವಳು ಹೇಳಲಿ,” ಎಂದರು. ಮಗಳಿಗೆ ಫೋನು ಮಾಡಿದರೆ, “ಸಾರ್, ಅದು ಬಿಟ್ಟು ಬೇರೆ ಏನಾದ್ರೂ ಕೇಳಿ,” ಎಂದು ಇಟ್ಟಳು. ಜ್ವರ ಬಂದಿದೆ ಎನ್ನಲೇ, ಬೈಕಿನಿಂದ ಬಿದ್ದೆ ಎನ್ನಲೇ ಎಂದು ಯೋಚಿಸಿದೆ. ತುಮಕೂರಿನ ಇನ್ನೊಬ್ಬ ನಿರೂಪಕನನ್ನು ಕೇಳಿದೆ. ಆ ದಿನ ಅವನಿಗೆ ಎರಡು ಮದುವೆ. ಹೋಗದೆ ಇರಲು ದಾರಿಯಿರಲಿಲ್ಲ.

ಮದುವೆಯ ಬೆಳಿಗ್ಗೆ ಧಾರೆ ನಡೆಯಿತು. ದೊಡ್ಡಪ್ಪ, ದೊಡ್ಡಮ್ಮ ನೀರೆರೆದರು. ತಾಯಿ ಉಗ್ರಾಣದ ಬಾಗಿಲಿನಿಂದ ಕತ್ತು ಚಾಚಿ ನೋಡುತ್ತಿದ್ದರು ಎಂದು ಭಾಯಿ ಹೇಳಿದ್ದು, ನಾನು ನೋಡಲಿಲ್ಲ. ಹನ್ನೆರಡರ ಸುಮಾರಿಗೆ ಮದುಮಗಳು ನನ್ನನ್ನು ಅಲಂಕಾರದ ಕೋಣೆಗೆ ಕರೆಸಿದಳು. ಆರತಕ್ಷತೆಯ ಸೀರೆ ಇನ್ನೂ ಉಟ್ಟಿರಲಿಲ್ಲ.

“ಸಾರ್, ಧಾರೆಗೆ ಅಮ್ಮನ್ನ ಕರೀಲಿಲ್ಲ, ಸುಮ್ನಿದ್ದೆ. ಶಾಸ್ತ್ರ ಅಂದ್ರು. ಈಗಂತೂ ಶಾಸ್ತ್ರ ಇಲ್ವಲ್ಲ? ಅಮ್ಮ ಉಗ್ರಾಣದಲ್ಲೇ ಇರೋದಾದ್ರೆ ನಾನೂ ಹೋಗಿ ಅಲ್ಲೇ ತೆಂಗಿನಕಾಯಿ ಚೀಲದ ಮೇಲೆ ಕೂತ್ಕೋತೀನಿ. ಆರತಕ್ಷತೆ ನೀವು, ಕರ್ನಲ್ ಸಾಹೇಬ್ರು ಸೇರ್ಕೊಂಡು ಮಾಡ್ಕೊಳಿ.”

ಬೆದರಿಕೆಯಲ್ಲ ಅದು. ರೋಗಿಯ ಮನೆಯವರಿಗೆ ವಿಷಯ ತಿಳಿಸುವವರ ಹಾಗೆ ಸಮಾಧಾನವಾಗಿ ಹೇಳಿದಳು. ಹೊರಗೆ ನಾಲ್ಕು ನೂರು ಜನ ಊಟದ ಎಲೆಗೂ ಕುರ್ಚಿಗೂ ನಡುವೆ ಗಿಜಿಗುಡುತ್ತಿದ್ದರು. ಕರ್ನಲ್ ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿದ್ದರು.

ಮುಂದಿನದು ನನಗೆ ಮಸುಕು. ಯಾರ ಹೆಸರಿನಲ್ಲಿ ಲೋಟ ಎತ್ತುತ್ತಾರೋ ಅವರು ಕೂತಿರಬೇಕೆಂಬ ನಿಯಮವನ್ನು ನಾನು ಅವಳಿಗೆ ನೆನಪಿಸಿದೆನೋ, ಅವಳೇ ನನಗೆ ನೆನಪಿಸಿದಳೋ. ಯಾರಾದರೂ ಆಗಲಿ, ಆ ಕೋಣೆಯಿಂದ ಹೊರಬರುವಾಗ ತೀರ್ಮಾನವಾಗಿತ್ತು. ಮೂರನೇ ಲೋಟ ಸತ್ತವರಿಗಲ್ಲ, ಅವರ ಹಿಂದೆ ಉಳಿದವರಿಗೆ. ನೀರಲ್ಲ, ಪಾನಕ. ತಾಯಿ ಮುಂದಿನ ಸಾಲಿನಲ್ಲಿ ಕೂತಿರಬೇಕು.

ಆಮೇಲೆ ಹತ್ತು ನಿಮಿಷದಲ್ಲಿ ಎರಡು ಸುಳ್ಳು ಹೇಳಿದೆ. ಅವುಗಳ ಬಗ್ಗೆ ನನಗೆ ಅನುಮಾನವಿಲ್ಲ.

ದೊಡ್ಡಪ್ಪನಿಗೆ, “ಸತ್ತವರ ಹೆಸರು ತೆಗೆದಾಯ್ತು. ನೀರೂ ಇಲ್ಲ. ಆದರೆ ತಾಯಿ ಮುಂದೆ ಕೂರಲೇಬೇಕು ಅಂತ ಕರ್ನಲ್ ಅವರ ಆರ್ಡರ್ ಆಗಿದೆ,” ಎಂದೆ.

“ಆರ್ಡ್ರಾ?”

“ಮಿಲಿಟರಿಯವರದ್ದು. ಶಾಸ್ತ್ರ ಅಲ್ಲ.”

ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡರು. “ಆರ್ಡ್ರು ಅಂದ್ಮ್ಯಾಲೆ ನಾನೇನ್ ಹೇಳ್ಲಿ. ಕೂರ್ಲಿ. ಸ್ಟೇಜ್ ಮಾತ್ರ ಹತ್ತಬಾರ್ದು.”

ಕರ್ನಲ್‌ಗೆ, ಇದು ಮನೆಯ ಹಿರಿಯರ ಇಚ್ಛೆ ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. ಸುಳ್ಳು ತಿಳಿಯಿತೆಂದು ನನಗೆ ಅನ್ನಿಸಿತು. “ಹಾಗಾದರೆ ನೀರು ಬೇಡ, ಸರಿ,” ಎಂದಷ್ಟೇ ಹೇಳಿ ತಮ್ಮವರ ಕಡೆ ತಿರುಗಿದರು.

ತಾಯಿಯನ್ನು ಹೊರಡಿಸುವುದೇ ಹೆಚ್ಚು ಕಷ್ಟವಾಯಿತು. “ನಾನ್ಯಾಕಪ್ಪ ಅಲ್ಲಿ? ತಾಂಬೂಲದ ಚೀಲ ಯಾರು ನೋಡ್ತಾರೆ?” ಎಂದು ಸೊಂಟದ ಬೀಗದ ಕೈ ಹಿಡಿದುಕೊಂಡರು. ಭಾಯಿ ಕೈ ಚಾಚಿದರು. “ಕೊಡಿ ಅಮ್ಮಾ, ನಾನ್ ಇರ್ತೀನಿ. ನಿಮ್ ಒಂದು ಕಾಯಿ ಅಲ್ಲಾಡಿದ್ರೆ ನನ್ನ ಕೇಳಿ.”

ಟೋಸ್ಟ್ ನಡೆಯುವಾಗ ಯಾರೂ ಓಡಾಡಬಾರದೆಂದು ಸಭಾಂಗಣದ ಬಾಗಿಲು ಹಾಕಿಸಿದೆವು. ತಂತಿಯಿಲ್ಲದ ಮೈಕು ಅದೇ ಹೊತ್ತಿಗೆ ಕೈಕೊಟ್ಟಿತು. ತಂತಿಯ ಮೈಕಿನ ಉದ್ದ ವೇದಿಕೆಯ ಎಡ ಮೂಲೆಯವರೆಗೆ ಮಾತ್ರ. ನಾನು ಆ ಮೂಲೆಯಲ್ಲಿ ಕಟ್ಟಿಹಾಕಿದವನಂತೆ ನಿಂತೆ. ಒಳಗೆ ಸೆಕೆ, ಹೂವಿನ, ಬೆವರಿನ, ನಿಂಬೆಯ ವಾಸನೆ.

ಮೊದಲನೆಯದು ಹೆಚ್ಚು ಕಡಿಮೆ ನಡೆಯಿತು. ಜನ ಎದ್ದರು, ಕಪ್ಪುಗಳು ಸಾಲಿನಲ್ಲಿ ಸಾಗಿದವು. ಕರ್ನಲ್ “ರಾಷ್ಟ್ರಪತಿ” ಎಂದರು. ಸಭೆ “ರಾಷ್ಟ್ರಪತಿ” ಎಂದಿತು. ಹಿಂದಿನಿಂದ ಒಬ್ಬರು ತಡೆಯಲಾರದೆ “ಅವ್ರಿಗೆ ಜೈ!” ಎಂದರು, ಐವತ್ತು ಜನ ಜೈ ಎಂದರು. ಕರ್ನಲ್ ಅವರ ಮೀಸೆ ಅಲುಗಿತು. ಸಿಟ್ಟೋ ನಗುವೋ ಹೇಳಲಾರೆ.

ಎರಡನೆಯದರಲ್ಲಿ ನಾನು ಊಹಿಸದ ತಪ್ಪಾಯಿತು. ಮದುಮಕ್ಕಳು ಕೂತಿದ್ದಾರೆ, ಎಲ್ಲರೂ ಅವರ ಕಡೆ ಮುಖ ಮಾಡಿ ನಿಂತಿದ್ದಾರೆ, ಕೈ ಮೇಲೆದ್ದಿದೆ. ನಮ್ಮ ಹೆಂಗಸರ ಸೆರಗಿನ ತುದಿಯಲ್ಲಿ ಬೆಳಗಿನ ಅಕ್ಷತೆ ಇನ್ನೂ ಉಳಿದಿತ್ತು. ಯಾರೋ ಎಸೆದರು. ಆಮೇಲೆ ಎಲ್ಲರೂ ಎಸೆದರು. ಅಧಿಕಾರಿಗಳ ಗಾಜಿನ ಗ್ಲಾಸುಗಳಲ್ಲಿ ಅರಿಸಿನದ ಅಕ್ಕಿಕಾಳು ತೇಲಿದವು. ಅವರು ಹಾಗೇ ಕುಡಿದರು.

ಕಪ್ಪುಗಳು ಮತ್ತೆ ತುಂಬಿದವು. ನಾನು ಬರೆದುಕೊಂಡಿದ್ದ ಒಂದೇ ವಾಕ್ಯ ಓದಿದೆ. “ಸೈನಿಕ ದೂರದಲ್ಲಿದ್ದಾಗಲೂ, ಇಲ್ಲವಾದ ಮೇಲೂ ಮನೆಯನ್ನು ಕಾದವರ ಗೌರವಕ್ಕೆ.” ಎಲ್ಲರೂ ಎದ್ದು ನಿಂತರು.

ಮುಂದಿನ ಸಾಲಿನಲ್ಲಿ ತಾಯಿಯೂ ಎದ್ದು ನಿಂತರು.

ನೀವು ಕೂತಿರಿ ಅಮ್ಮ ಎಂದು ಮೈಕಿನಲ್ಲಿ ಹೇಳಿದೆ. ಅವರು ಕತ್ತು ತಗ್ಗಿಸಿ ನಿಂತೇ ಇದ್ದರು. ಪಕ್ಕದವಳೊಬ್ಬಳು ಸೆರಗು ಎಳೆದಳು. “ಬುಡೇ, ಹಿರೀಕ್ರೆಲ್ಲ ನಿಂತವ್ರೆ, ನಾನು ಕೂರಾದಾ!” ಎಂದು ಬಿಡಿಸಿಕೊಂಡರು. ಕರ್ನಲ್ ಗ್ಲಾಸು ಎತ್ತಿ ಹಿಡಿದಿದ್ದಾರೆ. ತಾಯಿ ಕೂರುವವರೆಗೆ ಕರ್ನಲ್ ಕುಡಿಯುವುದಿಲ್ಲ. ಕರ್ನಲ್ ಕುಡಿಯುವವರೆಗೆ ಯಾರೂ ಕುಡಿಯಬೇಡಿ ಎಂದು ನಾನೇ ಮೂರು ಸಲ ಹೇಳಿದ್ದೇನೆ. ಕೊಳಾಲದಲ್ಲಿ ಎರಡು ವಾಕ್ಯ ತಡೆಯದ ಜನ ಈಗ ನನ್ನ ಮಾತನ್ನು ಪಾಲಿಸುತ್ತಿದ್ದರು. ನಾಲ್ಕು ನೂರು ಕೈಗಳು ಮೇಲೆ, ಬಾಗಿಲು ಮುಚ್ಚಿದೆ, ಮೈಕಿನ ತಂತಿ ಮುಗಿದಿದೆ. ಎಷ್ಟು ಹೊತ್ತು ಹಾಗಿತ್ತೋ. ನನ್ನ ಲೆಕ್ಕದಲ್ಲಿ ಹತ್ತು ನಿಮಿಷ, ಅಂದರೆ ಒಂದು ನಿಮಿಷ ಇರಬೇಕು. “ಕೈ ನೋಯ್ತೈತೆ ಕಣಮ್ಮೋ, ಕೂತ್ಕಳೇ,” ಎಂದು ಹಿಂದಿನಿಂದ ಒಂದು ಹೆಣ್ಣು ದನಿ ಬಂತು. ನಗು ಹರಡಿತು. ಆ ನಗುವಿಗೆ ತಾಯಿಯ ಮುಖ ಇನ್ನಷ್ಟು ಇಳಿಯಿತು. ಅವರು ಒಂದು ಉಪಾಯ ಕಂಡುಕೊಂಡರು. ಕುರ್ಚಿಯ ಪಕ್ಕದಲ್ಲಿ, ನೆಲದ ಮೇಲೆ ಕೂತುಬಿಟ್ಟರು.

ವೇದಿಕೆಯ ಮೇಲೆ ಮದುಮಗಳು ಎದ್ದು ನಿಂತಿದ್ದಳು. ಇಳಿದು ಬರುತ್ತಾಳೆ, ಬಂದು ತಾಯಿಯ ಪಕ್ಕ ನೆಲದ ಮೇಲೆ ಕೂರುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ನೆಲದಲ್ಲಿ ಕೂತರೂ ಕೂತಂತೆಯೇ ತಾನೆ ಎಂದು ಕರ್ನಲ್ ಕುಡಿದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಕುಡಿಯಲಿಲ್ಲ. ನೇರವಾಗಿ ದೊಡ್ಡಪ್ಪನ ಕಡೆ ನೋಡಿದರು. ಸಭೆಯೂ ನೋಡಿತು.

ದೊಡ್ಡಪ್ಪ ಕಪ್ಪು ಹಿಡಿದೇ ಸಾಲಿನಿಂದ ಹೊರಬಂದರು. ತಮ್ಮನ ಹೆಂಡತಿಯನ್ನು ಮುಟ್ಟಿ ಎಬ್ಬಿಸುವ ಹಾಗಿಲ್ಲ. ಎದುರು ನಿಂತು, ತಮ್ಮ ಮನೆಯೊಳಗೆ ಆಡುವ ತೆಲುಗಿನಲ್ಲಿ, “ಲೇಯಮ್ಮಾ, ಕೂಕೋ,” ಎಂದರು. ಏಳಮ್ಮಾ, ಕೂತ್ಕೊ.

“ನುವ್ವು ನಿಲಬಡ್ಡಾವೇ ಬಾವಾ.” ನೀನು ನಿಂತಿದ್ದೀಯಲ್ಲ ಬಾವ.

ದೊಡ್ಡಪ್ಪ ಹೆಗಲಿನ ಟವಲು ತೆಗೆದು ಖಾಲಿ ಕುರ್ಚಿಯನ್ನು ಒರೆಸಿದರು. ಕೂರುವ ಜಾಗ, ಒರಗುವ ಜಾಗ, ಎರಡು ಕೈ, ಎಲ್ಲವನ್ನೂ ನಿಧಾನವಾಗಿ ಒರೆಸಿದರು. ಆಮೇಲೆ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ, “ನಾನೇ ಹೇಳ್ತಾ ಇದ್ದೀನಲ್ಲಮ್ಮಾ. ಆರ್ಡ್ರು ಗೀರ್ಡ್ರು ಅಲ್ಲ. ನಾನು ಹೇಳ್ತಿರಾದು. ಕೂತ್ಕ,” ಎಂದರು.

ತಾಯಿ ಎದ್ದು ಕುರ್ಚಿಯ ಅಂಚಿನಲ್ಲಿ ಕೂತರು. ಕರ್ನಲ್ ಗ್ಲಾಸನ್ನು ಅವರ ಕಡೆಗೆ ಎತ್ತಿ ಕುಡಿದರು. ಅಧಿಕಾರಿಗಳು ಕುಡಿದರು. ನಾಲ್ಕು ನೂರು ಜನ ತಲೆ ಮೇಲೆತ್ತಿ ಸುರಿದುಕೊಂಡರು. ನಾನು ಬಾಗಿಲು ತೆಗೆಯಿರಿ ಎಂದೆ.

ಇದಾದ ಮೇಲೆ ತಾಯಿ ಎದ್ದು ಉಗ್ರಾಣಕ್ಕೆ ಹೋದರು ಎಂದೇ ನನ್ನ ನೆನಪು. ಜನ ಕುಡಿದು ಮುಗಿಸುವ ಮೊದಲೇ ಸೆರಗು ಸರಿಪಡಿಸಿಕೊಂಡು, ಗೋಡೆ ಪಕ್ಕದಿಂದ ಹೋಗಿ, ಭಾಯಿಯ ಕೈಯಿಂದ ಬೀಗದ ಕೈ ಇಸಿದುಕೊಂಡರು. ಅವರ ಬೆನ್ನು ಕೂಡ ನೆನಪಿದೆ. ವರ್ಷವಿಡೀ ಇದನ್ನು ಗೆಳೆಯರಿಗೆ ಹೀಗೆಯೇ ಹೇಳಿದೆ. ಒಂದು ನಿಮಿಷದ ಕುರ್ಚಿ, ಮತ್ತೆ ಅದೇ ಉಗ್ರಾಣ. ಇಂಥ ಶಾಸ್ತ್ರಗಳಿಂದ ಆಗುವುದು ಇಷ್ಟೇ ಎಂದು ಕೊನೆಯಲ್ಲಿ ಸೇರಿಸುತ್ತಿದ್ದೆ. ಕೇಳಿದವರು ತಲೆದೂಗುತ್ತಿದ್ದರು.

ಕಳೆದ ತಿಂಗಳು ಬೇರೊಂದು ಕೆಲಸಕ್ಕೆ ಮಧುಗಿರಿಯ ವಿಡಿಯೋ ಸ್ಟುಡಿಯೋಗೆ ಹೋಗಿದ್ದಾಗ, ಆ ಮದುವೆಯ ಕತ್ತರಿಸದ ಚಿತ್ರಣ ಇನ್ನೂ ಅವರ ಬಳಿ ಇರುವುದು ತಿಳಿಯಿತು. ವೇದಿಕೆಯ ಎದುರು ಅಲುಗದೆ ನಿಲ್ಲಿಸಿದ್ದ ಕ್ಯಾಮೆರಾ. ತಾಯಿ ಕೂತಿದ್ದ ಮುಂದಿನ ಸಾಲಿನ ಬಲತುದಿ ಪೂರ್ತಿ ಕಾಣುತ್ತದೆ. ಕೂತು ನೋಡಿದೆ. ಮೊದಲು ವೇಗವಾಗಿ ಓಡಿಸಿ, ಆಮೇಲೆ ಓಡಿಸದೆ.

ಅವರು ಎದ್ದಿಲ್ಲ. ಕರ್ನಲ್ ಬಂದು ಕೈಮುಗಿದು ಹೊರಟಾಗಲೂ, ಊಟಕ್ಕೆ ಬಾ ಎಂದು ಹೆಂಗಸರು ಎರಡು ಸಲ ಕರೆದಾಗಲೂ, ಭಾಯಿ ಬೀಗದ ಕೈ ತಂದು ಕೊಟ್ಟಾಗಲೂ ಎದ್ದಿಲ್ಲ. ಮೊದಲು ಅಂಚಿನಲ್ಲಿದ್ದವರು ಯಾವಾಗಲೋ ಹಿಂದಕ್ಕೆ ಸರಿದು, ಬೆನ್ನು ಒರಗಿಸಿ, ಎರಡು ಕೈಯನ್ನೂ ಕುರ್ಚಿಯ ಕೈಗಳ ಮೇಲೆ ಇಟ್ಟಿದ್ದಾರೆ. ಚಿತ್ರಣ ಮುಗಿಯುವಾಗ ಭಾಯಿಯ ಕೆಲಸದವರು ಸಭಾಂಗಣ ಖಾಲಿ ಮಾಡುತ್ತಿದ್ದಾರೆ. ಆ ಸಾಲಿನ ಉಳಿದ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಗೋಡೆಗೆ ಸರಿಸಿದ್ದಾರೆ. ಅವರು ಇನ್ನೂ ಕೂತಿದ್ದಾರೆ.